ಎತ್ತಿಗೆ ಜ್ವರ, ಎಮ್ಮೆಗೆ ಬರೆ: ನರದ ನೋವಿಗೆ ಹಲ್ಲು ಕೀಳುವುದನ್ನು ನಿಲ್ಲಿಸಿ

ನಮ್ಮ ಸೋದರತ್ತೆಗೆ ಎರಡು ವರ್ಷದಲ್ಲಿ ಮೂರು ಹಲ್ಲು ಕಿತ್ತರು. ಮೂರೂ ಎಡಗಡೆ ಕೆಳದವಡೆಯವು. ಮೊದಲನೆಯದು ಕಿತ್ತಾಗ ಹದಿನೈದು ದಿನ ನೋವಿರಲಿಲ್ಲ. ‘ಸದ್ಯ, ಪೀಡೆ ಹೋಯ್ತು’ ಅಂದುಕೊಂಡೆವು. ಆಮೇಲೆ ಮತ್ತೆ ಶುರುವಾಯಿತು. ‘ಪಕ್ಕದ ಹಲ್ಲಿಗೂ ಹರಡಿದೆ’ ಅಂದರು. ಅದನ್ನೂ ಕಿತ್ತರು. ಮತ್ತೊಂದು ಕ್ಲಿನಿಕ್, ಮತ್ತೊಂದು ಹಲ್ಲು. ನೋವು ಮಾತ್ರ ಇದ್ದ ಜಾಗದಲ್ಲೇ ಇತ್ತು.

ಅತ್ತೆ ಇರುವುದು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅರಿಶಿನ ಹಚ್ಚಿಕೊಂಡರೆ ಬಲಗೆನ್ನೆಗೆ ಮಾತ್ರ. ಎಡಗೆನ್ನೆಗೆ ಬೆರಳು ತಾಗಿದರೆ ಸಾಕು, ಕರೆಂಟು ಹೊಡೆದ ಹಾಗೆ ಬೆಚ್ಚಿಬೀಳುತ್ತಿದ್ದರು. ಧನುರ್ಮಾಸದ ಗಾಳಿಗೆ ಸೆರಗು ಮುಚ್ಚಿಕೊಂಡೇ ಹಾಲು ಕರೆಯುತ್ತಿದ್ದರು. ರೊಟ್ಟಿ ಬಿಟ್ಟರು, ಕಡಲೆಕಾಯಿ ಬಿಟ್ಟರು. ‘ಮುದ್ದೆ ನುಂಗೋ ಊರಲ್ಲಿ ಹುಟ್ಟಿದ್ದಕ್ಕೆ ಬದುಕಿದೀನಿ, ಅಗಿಯೋ ಊರಲ್ಲಿ ಹುಟ್ಟಿದ್ರೆ ಹಸ್ಕೊಂಡೇ ಸಾಯ್ತಿದ್ದೆ’ ಅನ್ನುತ್ತಿದ್ದರು.

ನಾಲ್ಕನೇ ಹಲ್ಲು ಕೀಳಿಸಲು ಹೋದಾಗ ಅಲ್ಲೊಬ್ಬ ಹುಡುಗ ಡಾಕ್ಟರ್ ಇದ್ದ. ಇಕ್ಕಳ ಹಿಡಿಯುವ ಮೊದಲು ಒಂದು ಮಾತು ಕೇಳಿದ: ‘ಅಜ್ಜಿ, ನೋವು ಬಂದ್ರೆ ಎಷ್ಟು ಹೊತ್ತು ಇರುತ್ತೆ?’ ಎರಡು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ‘ಎಲ್ಲಿರುತ್ತಪ್ಪಾ, ಮಿಂಚು ಹೊಡ್ದಂಗೆ ಹೊಡ್ದು ಹೋಗುತ್ತೆ’ ಅಂದರು ಅತ್ತೆ. ಅವನು ಇಕ್ಕಳ ಕೆಳಗಿಟ್ಟ. ‘ಇದು ಹಲ್ಲಲ್ಲ, ನರ’ ಅಂತ ಹೇಳಿ ಚೀಟಿ ಬರೆದು ದೊಡ್ಡಾಸ್ಪತ್ರೆಗೆ ಕಳಿಸಿದ.

ಮೂರು ಹಲ್ಲು ಕಿತ್ತವರ ಹೆಸರು ನಾನು ಬರೆಯುವುದಿಲ್ಲ. ಬರೆದರೆ ಜಗಳ ಅವರೊಬ್ಬರ ಜೊತೆಗೇ ಮುಗಿದುಹೋಗುತ್ತದೆ. ನನ್ನ ಜಗಳ ಇರುವುದು ಒಂದು ಪದ್ಧತಿಯ ಜೊತೆ. ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಬಾಯಿ ನೋವು ಅಂದರೆ ಹಲ್ಲು ನೋವು, ಹಲ್ಲು ನೋವು ಅಂದರೆ ಕೀಳುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅಂದರೆ ಇದೇ.

ನರ ಅಂದರೆ ಯಾವ ನರ?

ಮುಖದ ಎರಡೂ ಕಡೆ ಒಂದೊಂದು ದೊಡ್ಡ ನರವಿದೆ. ಹೆಸರು ಟ್ರೈಜೆಮಿನಲ್. ಮಿದುಳಿನ ಬುಡದಿಂದ ಹೊರಟು ಮೂರು ಕವಲಾಗುತ್ತದೆ. ಒಂದು ಹಣೆ ಮತ್ತು ಕಣ್ಣಿಗೆ, ಒಂದು ಕೆನ್ನೆ ಮತ್ತು ಮೇಲಿನ ಹಲ್ಲುಗಳಿಗೆ, ಇನ್ನೊಂದು ಕೆಳದವಡೆ, ಕೆಳಗಿನ ಹಲ್ಲು, ನಾಲಿಗೆಗೆ. ಹಲ್ಲಿನ ನೋವನ್ನು ಮಿದುಳಿಗೆ ಮುಟ್ಟಿಸುವುದೂ ಇದೇ ತಂತಿ. ಹಾಗಾಗಿ ತಂತಿಯೇ ಕೆಟ್ಟಾಗ ಮಿದುಳಿಗೆ ಹಲ್ಲೇ ನೋಯುತ್ತಿದೆ ಅನ್ನಿಸುತ್ತದೆ. ರೋಗಿ ಸುಳ್ಳು ಹೇಳುತ್ತಿಲ್ಲ, ಅವರಿಗೆ ನಿಜವಾಗಿಯೂ ಹಲ್ಲಿನಲ್ಲೇ ನೋವು ಕಾಣುತ್ತದೆ.

ದೊಡ್ಡಬಳ್ಳಾಪುರದ ಮಗ್ಗದವರಿಗೆ ಇದನ್ನು ಹೇಳುವುದು ಸುಲಭ. ವೈರಿನ ಮೇಲಿನ ಪ್ಲಾಸ್ಟಿಕ್ ಸವೆದರೆ ಏನಾಗುತ್ತೆ? ಮುಟ್ಟಿದರೆ ಶಾಕ್. ನರಕ್ಕೂ ಮೇಲೊಂದು ಹೊದಿಕೆ ಇದೆ. ಮಿದುಳಿನ ಬುಡದಲ್ಲಿ ಒಂದು ರಕ್ತನಾಳ ಆ ನರಕ್ಕೆ ಒತ್ತಿಕೊಂಡು, ಪ್ರತಿ ನಾಡಿ ಬಡಿತಕ್ಕೂ ತಟ್ಟುತ್ತಾ ಹೊದಿಕೆ ಸವೆಸುತ್ತದೆ. ಆಮೇಲೆ ಬರಿದಾದ ಎಳೆಗಳು ಒಂದಕ್ಕೊಂದು ತಾಗಿ, ಬರೀ ಸ್ಪರ್ಶದ ಸುದ್ದಿ ಭಯಂಕರ ನೋವಿನ ಸುದ್ದಿಯಾಗಿ ಹೋಗುತ್ತದೆ. ಗಾಳಿ ತಾಗಿದರೆ, ಮುಖ ತೊಳೆದರೆ, ಹಲ್ಲುಜ್ಜಿದರೆ, ಗಡ್ಡ ಮಾಡಿಕೊಂಡರೆ ಶಾಕ್. ಈ ಕಾಯಿಲೆಗೆ ಟ್ರೈಜೆಮಿನಲ್ ನ್ಯೂರಾಲ್ಜಿಯಾ ಅಂತ ಹೆಸರು. 50 ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು.

ಇದೇನು ನಿನ್ನೆ ಮೊನ್ನೆ ಕಂಡುಹಿಡಿದದ್ದಲ್ಲ. ಜಾನ್ ಫಾದರ್‌ಗಿಲ್ ಅನ್ನುವ ಇಂಗ್ಲಿಷ್ ವೈದ್ಯ ಇದನ್ನು ವಿವರವಾಗಿ ವರ್ಣಿಸಿದ್ದು 1773ರಲ್ಲಿ. ರಕ್ತನಾಳ ನರವನ್ನು ಒತ್ತುವುದನ್ನು ಅಮೆರಿಕದ ವಾಲ್ಟರ್ ಡ್ಯಾಂಡಿ 1930ರ ದಶಕದಲ್ಲೇ ಆಪರೇಷನ್ ಟೇಬಲ್ ಮೇಲೆ ಕಂಡಿದ್ದರು. 1960ರ ದಶಕದಲ್ಲಿ ಪೀಟರ್ ಜನೆಟ್ಟಾ ಆ ರಕ್ತನಾಳವನ್ನು ಪಕ್ಕಕ್ಕೆ ಸರಿಸಿ ಮಧ್ಯೆ ಮೆತ್ತನೆಯ ಅಡ್ಡ ಇಡುವ ಆಪರೇಷನ್ ಬೆಳೆಸಿದರು. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪೈನ್ ಅನ್ನುವ ಮಾತ್ರೆ ಈ ನೋವಿಗೆ ಕೆಲಸ ಮಾಡುತ್ತದೆ ಅಂತ ವರದಿಯಾಗಿದ್ದು 1962ರಲ್ಲಿ. ಇವತ್ತಿಗೂ ಮೊದಲು ಬರೆದುಕೊಡುವುದು ಅದನ್ನೇ. ಅದು ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ, ಒಂದು ಮಾತ್ರೆಗೆ ಕೆಲವೇ ರೂಪಾಯಿ.

ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆ ಹುಟ್ಟಿದ್ದು 1986ರಲ್ಲಿ. ಅಂದರೆ ಜಿಲ್ಲೆ ಹುಟ್ಟುವ 24 ವರ್ಷ ಮೊದಲೇ ಔಷಧ ಗೊತ್ತಿತ್ತು. ಆ ತಿಳಿವಳಿಕೆ ಯಲಹಂಕ ದಾಟಿ ನಮ್ಮ ಹಳ್ಳಿಯ ಒಬ್ಬ ಹೆಂಗಸಿಗೆ ಮುಟ್ಟುವ ಹೊತ್ತಿಗೆ ಮೂರು ಹಲ್ಲು ಹೋಗಿದ್ದವು.

ಕಿತ್ತಾಗ ನೋವು ನಿಂತಿತಲ್ಲ?

ಇಲ್ಲೇ ಮೋಸವಿರುವುದು. ಈ ನೋವಿಗೆ ತಾನಾಗೇ ಬಿಡುವು ಕೊಡುವ ಗುಣವಿದೆ. ಕೆಲವು ವಾರ, ಕೆಲವು ತಿಂಗಳು ಸುಮ್ಮನಿದ್ದು ಮತ್ತೆ ಬರುತ್ತದೆ. ಆ ಬಿಡುವಿನ ಹಿಂದಿನ ದಿನ ಹಲ್ಲು ಕಿತ್ತಿದ್ದರೆ ಕಿತ್ತವರಿಗೆ ಹೆಸರು. ಅಂತ್ರ ಕಟ್ಟಿಸಿದ್ದರೆ ಕಟ್ಟಿದವರಿಗೆ ಹೆಸರು. ಮತ್ತೆ ನೋವು ಬಂದಾಗ ‘ಇನ್ನೊಂದು ಹಲ್ಲು’, ‘ಇನ್ನೊಂದು ಅಂತ್ರ’. ಇಕ್ಕಳದವರಿಗೂ ಅಂತ್ರದವರಿಗೂ ಈ ವಿಷಯದಲ್ಲಿ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಅಂತ್ರ ಕಟ್ಟಿದವರು ಹಲ್ಲು ಕೀಳುವುದಿಲ್ಲ, ಅಷ್ಟೇ.

ಕೀಳುವುದು ಪುಕ್ಕಟೆಯೂ ಅಲ್ಲ. ಹಲ್ಲು ಕಿತ್ತಾಗ ನರದ ತುದಿ ಹರಿಯುತ್ತದೆ. ಬಹಳಷ್ಟು ಜನರಿಗೆ ಅದು ವಾಸಿಯಾಗುತ್ತದೆ. ಕೆಲವರಿಗೆ ಗಾಯ ಮಾಗಿದರೂ ಹಲ್ಲೇ ಇಲ್ಲದ ಆ ಖಾಲಿ ಜಾಗದಲ್ಲಿ ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ಇಲ್ಲದ ಕಾಯಿಲೆಗೆ ಕಿತ್ತು, ಇನ್ನೊಂದು ಹೊಸ ಕಾಯಿಲೆ ತಂದುಕೊಂಡ ಹಾಗೆ.

ಸರ್ಕಾರವನ್ನೂ ಬಿಡುವ ಹಾಗಿಲ್ಲ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್ ಕೊಡುವ ‘ದಂತಭಾಗ್ಯ’ ನಮ್ಮ ರಾಜ್ಯದಲ್ಲಿದೆ. ಒಳ್ಳೆಯ ಯೋಜನೆ, ಅನುಮಾನವಿಲ್ಲ. ಆದರೆ ಕಿತ್ತ ಮೇಲೆ ಸೆಟ್ ಕೊಡಲು ಯೋಜನೆ ಇರುವ ರಾಜ್ಯದಲ್ಲಿ, ಕೀಳುವ ಮುಂಚೆ ಮೂರು ಪ್ರಶ್ನೆ ಕೇಳಲು ಯಾಕೆ ಒಂದು ಸುತ್ತೋಲೆಯೂ ಬೇಡ? ನರದ ನೋವಿರುವ ವಸಡಿನ ಮೇಲೆ ಸೆಟ್ ಕೂರಿಸಿದರೆ ಅದನ್ನು ಹಾಕಿಕೊಳ್ಳಲೂ ಆಗುವುದಿಲ್ಲ. ಡಬ್ಬಿಯಲ್ಲೇ ಉಳಿಯುತ್ತದೆ.

ಆ ಮೂರು ಪ್ರಶ್ನೆ

ಒಂದು: ನೋವು ಬಂದರೆ ಎಷ್ಟು ಹೊತ್ತು? ನರದ್ದಾದರೆ ಕ್ಷಣಗಳಿಂದ ಹೆಚ್ಚೆಂದರೆ ಎರಡು ನಿಮಿಷ, ಶಾಕ್ ಹೊಡೆದ ಹಾಗೆ. ಹುಳುಕು ಹಲ್ಲಿನದು ಗಂಟೆಗಟ್ಟಲೆ ಜುಮುಜುಮು, ರಾತ್ರಿ ನಿದ್ದೆಗೆಡಿಸುವ ನೋವು, ಬಾವು.

ಎರಡು: ಏನು ಮಾಡಿದರೆ ಬರುತ್ತದೆ? ಕೆನ್ನೆಗೆ ಸುಮ್ಮನೆ ಬೆರಳು ತಾಗಿದರೆ, ಗಾಳಿ ಬೀಸಿದರೆ, ಮಾತಾಡಿದರೆ ಬಂದರೆ ನರದ ಅನುಮಾನ. ಬಿಸಿ ಕಾಫಿ, ಸಿಹಿ ತಾಗಿ ಜುಂ ಅಂದು ನಿಂತೇ ಇದ್ದರೆ, ಒಂದೇ ಹಲ್ಲನ್ನು ತಟ್ಟಿದಾಗ ನೋವಾದರೆ ಹಲ್ಲಿನ ಅನುಮಾನ.

ಮೂರು: ಎರಡು ಹೊಡೆತಗಳ ಮಧ್ಯೆ ಹೇಗಿರುತ್ತದೆ? ಪೂರ್ತಿ ಆರಾಮಾಗಿದ್ದು, ಮತ್ತೆ ಮುಖದ ಅದೇ ಕಡೆಗೆ ಹೊಡೆದರೆ ನರ.

ಇಷ್ಟರಿಂದಲೇ ಕಾಯಿಲೆ ಇಂಥದ್ದೇ ಅಂತ ತೀರ್ಮಾನ ಆಗುವುದಿಲ್ಲ. ಎಕ್ಸ್‌ರೇ ಬೇಕು, ಕೆಲವರಿಗೆ ಎಂಆರ್‌ಐ ಬೇಕು. ಒಬ್ಬರಿಗೇ ಹುಳುಕೂ ನರದ ನೋವೂ ಎರಡೂ ಇರಬಹುದು. ಆದರೆ ಇಕ್ಕಳ ಕೆಳಗಿಡುವುದಕ್ಕೆ ಇಷ್ಟು ಸಾಕು. ಕೇಳುವುದಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ.

‘ಅಪರೂಪದ ಕಾಯಿಲೆ, ಯಾಕೆ ಇಷ್ಟು ಗಲಾಟೆ?’

ಈ ಮಾತು ನಾನು ಕೇಳಿದ್ದೇನೆ. ಲೆಕ್ಕ ಹಾಕೋಣ. ಅಮೆರಿಕದ ಹಳೆಯ ಅಧ್ಯಯನವೊಂದರ ಪ್ರಕಾರ ಈ ಕಾಯಿಲೆ ವರ್ಷಕ್ಕೆ ಲಕ್ಷ ಜನರಲ್ಲಿ 4ರ ಆಸುಪಾಸು ಹೊಸಬರಿಗೆ ಬರುತ್ತದೆ. ಯುರೋಪಿನ ಕೆಲವು ಅಧ್ಯಯನಗಳು ಅದರ ಹಲವು ಪಟ್ಟು ಹೇಳುತ್ತವೆ. ಚಿಕ್ಕ ಲೆಕ್ಕವನ್ನೇ ಹಿಡಿಯಿರಿ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆ 9.9 ಲಕ್ಷ. ವರ್ಷಕ್ಕೆ ಸುಮಾರು 40 ಹೊಸ ರೋಗಿಗಳು. ಹತ್ತು ವರ್ಷಕ್ಕೆ 400. ಇದು ಒಂದು ಕಾಯಿಲೆಯದು ಮಾತ್ರ. ಅಪಘಾತ, ಸರ್ಪಸುತ್ತು, ಹಲ್ಲು ಕೀಳುವಾಗಿನ ಪೆಟ್ಟಿನಿಂದ ಬಂದ ಮುಖದ ನರದ ನೋವು ಇದರಲ್ಲಿ ಸೇರಿಲ್ಲ.

ಹಳ್ಳಿಯವರಿಗೆ ನರದ ಕಾಯಿಲೆ ಕಡಿಮೆ, ಅದೆಲ್ಲ ಟೆನ್ಷನ್ ಇರುವ ಸಿಟಿಯವರಿಗೆ ಅನ್ನುವುದೂ ಸುಳ್ಳು. ನಿಮ್ಹಾನ್ಸ್ ಸಂಶೋಧಕರು ಬೆಂಗಳೂರಿನ ನಗರ ಮತ್ತು ಗ್ರಾಮೀಣ ಭಾಗದಲ್ಲಿ 1,02,557 ಜನರನ್ನು ಸಮೀಕ್ಷೆ ಮಾಡಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ನರಸಂಬಂಧಿ ಕಾಯಿಲೆಗಳು ನಗರದಲ್ಲಿ ಲಕ್ಷಕ್ಕೆ 2,190 ಜನರಿಗೆ, ಹಳ್ಳಿಯಲ್ಲಿ 4,070 ಜನರಿಗೆ. ಹೆಚ್ಚೂಕಡಿಮೆ ಎರಡರಷ್ಟು! ಅತಿ ಹೆಚ್ಚು ಕಂಡ ಕಾಯಿಲೆಗಳಲ್ಲಿ ತಲೆನೋವು, ಫಿಟ್ಸ್ ಇದ್ದವು. ಹಳ್ಳಿಯವರು ಬಾಗಿಲು ತೆರೆದು ಕೂರಿಸಿ ಉತ್ತರ ಕೊಟ್ಟಿದ್ದಾರೆ. ಅದರ ಫಲ ಹಳ್ಳಿಗೆ ವಾಪಸ್ ಬರಬೇಡವೇ?

ಸ್ವಲ್ಪ ಬಂದಿದೆ, ಸುಳ್ಳು ಹೇಳಬಾರದು. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ‘ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್’ ಶುರು ಮಾಡಿತು. ಮೊದಲು ಜಯನಗರದಲ್ಲಿ, ಜೊತೆಗೆ ನಮ್ಮ ಪಕ್ಕದ ಕೋಲಾರ, ಚಿಕ್ಕಬಳ್ಳಾಪುರದಲ್ಲಿ. ತಲೆನೋವು, ಪಾರ್ಶ್ವವಾಯು, ಫಿಟ್ಸ್, ಮರೆವಿನ ಕಾಯಿಲೆ, ಈ ನಾಲ್ಕಕ್ಕೆ ಒತ್ತು. ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ತರಬೇತಿ ಕೊಟ್ಟು, ಕಷ್ಟದ ಕೇಸುಗಳಿಗೆ ನಿಮ್ಹಾನ್ಸ್ ನೆರವು ಕೊಡುವುದು ಅದರ ದಾರಿ. ತಲೆಯ ನೋವಿಗೆ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಹಣೆಯಿಂದ ನಾಲ್ಕು ಬೆರಳು ಕೆಳಗಿರುವ ಮುಖದ ನೋವಿಗೆ ಸಿಗಲಿಲ್ಲ. ಯಾಕೆಂದರೆ ಮುಖ ಯಾರದು ಅನ್ನುವುದೇ ತೀರ್ಮಾನವಾಗಿಲ್ಲ. ಹಲ್ಲಿನವರು ‘ಹಲ್ಲಿಲ್ಲ, ನಮ್ಮದಲ್ಲ’ ಅನ್ನುತ್ತಾರೆ. ನರದವರ ಹತ್ತಿರ ಹೋಗುವಷ್ಟರಲ್ಲಿ ಹಲ್ಲೇ ಇರುವುದಿಲ್ಲ. ಹೊರಗಿನ ಪ್ರಪಂಚ ಈ ಜಗಳ ಬಿಡಿಸಿಕೊಳ್ಳುತ್ತಿದೆ. ಬಾಯಿ ಮತ್ತು ಮುಖದ ನೋವುಗಳಿಗೇ ಪ್ರತ್ಯೇಕವಾದ ಅಂತಾರಾಷ್ಟ್ರೀಯ ವರ್ಗೀಕರಣ 2020ರಲ್ಲಿ ಬಂತು. ಅಮೆರಿಕದಲ್ಲಿ ಅದೇ ವರ್ಷ ಅದನ್ನು ದಂತವೈದ್ಯದ ಪ್ರತ್ಯೇಕ ವಿಶೇಷ ವಿಭಾಗವೆಂದು ಒಪ್ಪಿಕೊಂಡರು.

ನಾವೇ ಮಾಡುವ ಗಾಯ

ಎರಡನೆಯ ದೂರು ಹಲ್ಲು ಕೀಳುವಾಗಲೇ ಆಗುವ ಪೆಟ್ಟಿನದು. ಕೆಳಗಿನ ಅಕ್ಕಲ್ ದಾಡೆಯ ಬೇರು ದವಡೆಯ ನರದ ಪಕ್ಕದಲ್ಲೇ ಇರುತ್ತದೆ, ಕೆಲವರಿಗೆ ತಾಗಿಕೊಂಡೇ ಇರುತ್ತದೆ. ಕೀಳಿಸಿಕೊಂಡ ನೂರು ಜನರಲ್ಲಿ ಕೆಲವರಿಗೆ ತುಟಿ, ಗದ್ದ, ನಾಲಿಗೆ ಸ್ವಲ್ಪ ಕಾಲ ಜೋಮು ಹಿಡಿಯುತ್ತದೆ. ತೀರಾ ಕೆಲವರಿಗೆ ಅದು ಹೋಗುವುದೇ ಇಲ್ಲ, ಉರಿ ಮತ್ತು ಚುಚ್ಚುವ ನೋವಾಗಿ ಉಳಿಯುತ್ತದೆ. ಇಂಪ್ಲಾಂಟ್ ಸ್ಕ್ರೂ ನರವನ್ನು ಒತ್ತಿದ್ದರೆ ಗಂಟೆಗಳ ಲೆಕ್ಕದಲ್ಲಿ ತೆಗೆಯಬೇಕು. ‘ಅನಸ್ತೇಶಿಯಾ ಇನ್ನೂ ಇಳಿದಿಲ್ಲ, ಮುಂದಿನ ವಾರ ಬನ್ನಿ’ ಅಂದರೆ ಆ ಸಮಯ ಕಳೆದುಹೋಗುತ್ತದೆ.

ಇದೆಲ್ಲ ವೈದ್ಯರ ತಪ್ಪು ಅಂತ ನಾನು ಹೇಳುತ್ತಿಲ್ಲ. ಎಷ್ಟೇ ಜೋಪಾನ ಮಾಡಿದರೂ ಆಗಬಹುದು. ತಪ್ಪಿರುವುದು ಮುಂಚೆ ಹೇಳದಿರುವುದರಲ್ಲಿ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಚಿಕಿತ್ಸೆ ಏನು, ಅದರ ಅಪಾಯವೇನು, ಬೇರೆ ದಾರಿ ಇದೆಯೇ ಅನ್ನುವುದನ್ನು ರೋಗಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಅರ್ಥವಾಗದ ಇಂಗ್ಲಿಷ್ ಫಾರಂ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದನ್ನು ತಿಳಿಸಿದ್ದು ಅನ್ನಲಾಗುತ್ತದೆಯೇ?

ದಂತವೈದ್ಯ ಗೆಳೆಯರ ಮಾತನ್ನೂ ಕೇಳಿದ್ದೇನೆ. ‘ಜನವೇ ಬಂದು ಕಿತ್ತಾಕಿ ಡಾಕ್ಟ್ರೇ ಅಂತಾರೆ. ಕೀಳದಿದ್ರೆ ಪಕ್ಕದ ಕ್ಲಿನಿಕ್‌ಗೆ ಹೋಗಿ ಕೀಳಿಸ್ಕೋತಾರೆ’ ಅಂತ. ನಿಜ. ಕೂಲಿ ಬಿಟ್ಟು, ಬಸ್ಸು ಹತ್ತಿ ಬಂದವರಿಗೆ ಇವತ್ತೇ ನೋವು ಹೋಗಬೇಕು. ಆದರೆ ಜನ ಕೇಳಿದ್ದಕ್ಕೆ ಕಿತ್ತೆ ಅನ್ನುವುದು ಅಂಗಡಿಯವರ ಮಾತು, ವೈದ್ಯರದಲ್ಲ.

ಸರ್ಪಸುತ್ತಿಗೆ ಗಡಿಯಾರವಿದೆ

ಮುಖದ ನರ ಕೆಡಿಸುವ ಇನ್ನೊಂದು ಕಾಯಿಲೆ ಎಲ್ಲರಿಗೂ ಗೊತ್ತಿರುವ ಸರ್ಪಸುತ್ತು. ಚಿಕ್ಕಂದಿನಲ್ಲಿ ಅಮ್ಮ ಬಂದಾಗ, ಅಂದರೆ ಸಿಡುಬಿನಂಥ ಚಿಕನ್‌ಪಾಕ್ಸ್ ಆದಾಗ, ಒಳಸೇರಿದ ವೈರಸ್ ನರದಲ್ಲೇ ಅಡಗಿದ್ದು ವಯಸ್ಸಾದ ಮೇಲೆ ಎದ್ದು ಬರುವುದು ಇದು. ಹಣೆ, ಕಣ್ಣಿನ ಸುತ್ತ ಬಂದರೆ ಕಣ್ಣಿಗೇ ಅಪಾಯ. ಗುಳ್ಳೆ ಒಣಗಿದ ಮೇಲೂ ಕೆಲವರಿಗೆ ಉರಿ ವರ್ಷಗಟ್ಟಲೆ ಉಳಿಯುತ್ತದೆ. ಅಸೈಕ್ಲೋವಿರ್‌ನಂಥ ಔಷಧವನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡುವುದು ಮುಖ್ಯ. ಆ ಮೂರು ದಿನವನ್ನು ನಾವು ಕೆಮ್ಮಣ್ಣು ಹಚ್ಚುವುದರಲ್ಲಿ ಕಳೆಯುತ್ತೇವೆ. ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಕಟ್ಟಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಹರಕೆ ತೀರಿಸಲು ವರ್ಷವಿದೆ, ಔಷಧಕ್ಕೆ ಇರುವುದು ಮೂರೇ ದಿನ.

ಏನು ಬೇಕು?

ಹೊಸ ಆಸ್ಪತ್ರೆ ಕೇಳುತ್ತಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ನಾಲ್ಕೂ ಕಡೆ ಇಷ್ಟು ಸಾಕು:

1. ಸರ್ಕಾರಿ ಆಸ್ಪತ್ರೆಯ ಹಲ್ಲಿನ ಚೀಟಿಯ ಮೇಲೆ ಆ ಮೂರು ಪ್ರಶ್ನೆಗಳನ್ನು ಕನ್ನಡದಲ್ಲಿ ಅಚ್ಚು ಹಾಕಲಿ.

2. ಎಕ್ಸ್‌ರೇಯಲ್ಲಿ ಕಾರಣ ಕಾಣದಿದ್ದರೆ ಅದೇ ಕಡೆಯ ಎರಡನೇ ಹಲ್ಲು ಕೀಳುವುದಕ್ಕೆ ಮೊದಲು ತಜ್ಞರ ಅಭಿಪ್ರಾಯ ಕಡ್ಡಾಯವಾಗಲಿ. ವೈದ್ಯರು ವೈದ್ಯರನ್ನು ದೂರದಿಂದಲೇ ಕೇಳುವುದಕ್ಕೂ ಇ-ಸಂಜೀವನಿಯಲ್ಲಿ ದಾರಿಯಿದೆ.

3. ಬ್ರೈನ್ ಹೆಲ್ತ್ ಯೋಜನೆಯ ಪಟ್ಟಿಗೆ ಮುಖದ ನೋವು ಸೇರಲಿ. ಫಿಟ್ಸ್‌ಗೆಂದು ತರಿಸುವ ಕಾರ್ಬಮಜೆಪೈನನ್ನೇ ಇದಕ್ಕೂ ಬಳಸಬಹುದು.

4. ಒಪ್ಪಿಗೆ ಫಾರಂ ಕನ್ನಡದಲ್ಲಿರಲಿ. ಅಕ್ಕಲ್ ದಾಡೆ ಕಿತ್ತ ಮಾರನೇ ದಿನ ಫೋನ್ ಮಾಡಿ ‘ತುಟಿ ಜೋಮಿದೆಯಾ’ ಅಂತ ಕೇಳಲಿ.

5. ಹಳ್ಳಿಗಳಲ್ಲಿ ಕ್ಯಾಂಪ್ ಹಾಕುವ ಡೆಂಟಲ್ ಕಾಲೇಜುಗಳು ಎಷ್ಟು ಹಲ್ಲು ಕಿತ್ತೆವು ಅನ್ನುವ ಲೆಕ್ಕದ ಪಕ್ಕದಲ್ಲೇ ಎಷ್ಟು ಜನರಿಗೆ ನರದ ಅನುಮಾನ ಕಂಡಿತು ಅನ್ನುವ ಲೆಕ್ಕವನ್ನೂ ಬರೆಯಲಿ. ಎಣಿಸದ ಕಾಯಿಲೆಗೆ ಯೋಜನೆ ಬರುವುದಿಲ್ಲ.

ಇನ್ನು ನಿಮಗೆ ಒಂದು ಎಚ್ಚರಿಕೆ. ಇದನ್ನು ಓದಿ ಪಕ್ಕದ ಮನೆಯವರ ಫಿಟ್ಸ್ ಮಾತ್ರೆ ಇಸಿದುಕೊಂಡು ನುಂಗಬೇಡಿ. ಕಾರ್ಬಮಜೆಪೈನ್ ಕೆಲವರಿಗೆ ಚರ್ಮವೇ ಸುಲಿಯುವಂಥ ಅಲರ್ಜಿ ತರುತ್ತದೆ. ಏಷ್ಯಾದ ಕೆಲವು ಜನರಲ್ಲಿ ಅದರ ಅಪಾಯ ಹೆಚ್ಚು. ವೈದ್ಯರು ಕೊಟ್ಟದ್ದೇ ಆದರೂ ಮೈಮೇಲೆ ಗಂಧೆ, ಬಾಯಲ್ಲಿ ಹುಣ್ಣು, ಜ್ವರ ಕಂಡರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ. ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಹಾಗೇ, ಯಾವ ಕಾರಣವೂ ಇಲ್ಲದೆ ಗದ್ದ ಅಥವಾ ತುಟಿ ಜೋಮು ಹಿಡಿದರೆ, ಎರಡೂ ಕಡೆ ನೋವಿದ್ದರೆ, ಚಿಕ್ಕ ವಯಸ್ಸಿಗೇ ಬಂದರೆ ತಡಮಾಡಬೇಡಿ. ಗಡ್ಡೆ ಅಥವಾ ಬೇರೆ ದೊಡ್ಡ ಕಾಯಿಲೆಯ ಸೂಚನೆ ಇರಬಹುದು.

ಅತ್ತೆ ಈಗ ಮಾತ್ರೆ ತಗೋತಾರೆ. ಸ್ವಲ್ಪ ತೂಕಡಿಕೆ ಬರುತ್ತದೆ ಅಂತ ಗೊಣಗುತ್ತಾರೆ, ಆದರೆ ಗಾಳಿಗೆ ಮುಖ ಒಡ್ಡಿ ಕೂರುತ್ತಾರೆ. ಹೋದ ಮೂರು ಹಲ್ಲು ಬರುವುದಿಲ್ಲ. ನಿಮ್ಮೂರಿನ ಆಸ್ಪತ್ರೆಗೂ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ, ಅದರಲ್ಲಿ ನಿಮಗೆ ಪರಿಚಯದ ಒಬ್ಬರಾದರೂ ಇರುತ್ತಾರೆ. ಮುಂದಿನ ಮೀಟಿಂಗಿನಲ್ಲಿ ಈ ಐದು ವಿಷಯ ಎತ್ತಲು ಅವರಿಗೆ ಹೇಳಿ. ಅಲ್ಲಿಯವರೆಗೆ, ನಿಮ್ಮ ಮನೆಯ ಹಿರಿಯರು ಕೆನ್ನೆ ಹಿಡಿದುಕೊಂಡು ಹಲ್ಲು ಕೀಳಿಸಲು ಹೊರಟರೆ ಬಸ್‌ಸ್ಟಾಂಡಿಗೆ ಹೋಗುವ ಮುಂಚೆ ನೀವೇ ಕೇಳಿ: ನೋವು ಬಂದರೆ ಎಷ್ಟು ಹೊತ್ತು ಇರುತ್ತೆ?